ವೀರಗಲ್ಲಿನ ಮುಂದೆ ಫೋನು

ಹೊಳೆಯ ದಂಡೆಯ ಆಶ್ರಮವೊಂದರಲ್ಲಿ ನಿರುಪಾದಿ ಎಂಬ ಶಿಷ್ಯನಿದ್ದ. ಜಾಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವನು, ಒಂದು ಕಡೆ ನಿಂತ ಅಂತಿಲ್ಲ.

ಅವನ ಗುರುಗಳನ್ನು ಸುತ್ತಲಿನವರೆಲ್ಲ ಅಜ್ಜಾರು ಅನ್ನುತ್ತಿದ್ದರು. ಹೊಲ ಉಳುವಾಗ, ಕೆರೆ ತೋಡುವಾಗ ಸಿಕ್ಕ ಹಳೆಯ ಕಲ್ಲುಗಳನ್ನೆಲ್ಲ ಅಜ್ಜಾರು ತಂದು, ಆಶ್ರಮದ ಪಕ್ಕದಲ್ಲೇ ಒಂದು ಪುಟ್ಟ ಮ್ಯೂಸಿಯಂ ಮಾಡಿದ್ದರು. ಅದರ ನಡುವೆ ಒಂದು ವೀರಗಲ್ಲು. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನ ಕಲ್ಲು ಅದು.

ನಿರುಪಾದಿ ಆ ಕಲ್ಲಿಗೊಂದು ಆ್ಯಪ್ ಮಾಡಿದ. ಫೋನಿನ ಕ್ಯಾಮೆರಾ ಹಿಡಿದರೆ ಸಾಕು, ಕೆತ್ತಿದ ವೀರ ಪರದೆಯಲ್ಲಿ ಎದ್ದು ಬರುತ್ತಾನೆ. ಕತ್ತಿ ಬೀಸುತ್ತಾನೆ, ದನಗಳು ದಿಕ್ಕಾಪಾಲಾಗಿ ಓಡುತ್ತವೆ, ಬಾಣ ಎದೆಗೆ ನಾಟುತ್ತದೆ, ರಕ್ತ ಚಿಮ್ಮುತ್ತದೆ. ಊಟ ನಿದ್ದೆ ಬಿಟ್ಟು ಮಾಡಿದ್ದ, ಪಾಪ.

ಮೊದಲು ಅಜ್ಜಾರಿಗೆ ತೋರಿಸಿದ.

ಅಜ್ಜಾರು ನೋಡಿದರು. ಫೋನು ವಾಪಸ್ ಕೊಟ್ಟರು. "ಚಲೋ ಓಡತಾನ," ಅಂದರು.

ಅಷ್ಟೇ. ನಿರುಪಾದಿ ಇನ್ನೊಂದು ಮಾತಿಗೆ ಕಾದ. ಬರಲಿಲ್ಲ.

ಇರಲಿ, ಜನ ನೋಡುತ್ತಾರಲ್ಲ ಅಂದುಕೊಂಡ. ಜನ ಬಂದರು. ಕಲ್ಲು ನೋಡಿದರು, ಕೈ ಮುಗಿದರು, ಹೋದರು. ದೂರದ ಊರಿನ ಕಾಲೇಜು ಹುಡುಗರು ಒಮ್ಮೆ ಫೋನು ಹಿಡಿದು, ಹೋ ಎಂದು ಕೂಗಿ, ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಸುತ್ತಲ ಊರಿನವರಂತೂ ಬಾಗಿಲಲ್ಲೇ ಫೋನನ್ನು ಜೇಬಿಗೆ ಇಳಿಸಿಬಿಡುತ್ತಿದ್ದರು.

ನಿರುಪಾದಿಗೆ ಮೈಯೆಲ್ಲ ಉರಿಯಿತು.

"ಅಜ್ಜಾರ, ಜನ ಯಾಕ ನೋಡವಲ್ರು?"

"ಅವರನ್ನ ಕೇಳು."

ಕೇಳಿದ.

"ಚಾರ್ಜ್ ಇಲ್ಲೋ ತಮ್ಮಾ," ಅಂದರು. ನಿರುಪಾದಿ ಗೋಡೆಯುದ್ದಕ್ಕೂ ಪ್ಲಗ್ಗು ಹಾಕಿಸಿದ.

"ನೆಟ್ ಸಿಗವಲ್ದು," ಅಂದರು. ವೈಫೈ ಹಾಕಿಸಿದ.

"ನಮ್ಮದು ಸಣ್ಣ ಫೋನು," ಅಂದರು. ತನ್ನದನ್ನೇ ಅವರ ಕೈಗೆ ತುರುಕಲು ಹೋದ.

"ಕನ್ನಡಕ ಮನ್ಯಾಗ ಬಿಟ್ಟ ಬಂದೇನಪ್ಪಾ," ಅಂದಳು ಹುಲಿಗೆಮ್ಮ. ಪ್ರತಿ ಅಮಾವಾಸ್ಯೆಗೆ ತಪ್ಪದೆ ಬರುವ ಮುದುಕಿ ಅವಳು. ಹಾಗೆ ಅನ್ನುವಾಗ ವೀರಗಲ್ಲಿನ ಮಾಲೆಗೆಂದು ಸೂಜಿಗೆ ದಾರ ಪೋಣಿಸುತ್ತಿದ್ದಳು, ಅದೂ ಒಂದೇ ಸಲಕ್ಕೆ!

ನಿರುಪಾದಿಗೆ ತಲೆ ಕೆಟ್ಟುಹೋಯಿತು. ಬಾಗಿಲಲ್ಲೇ ಕಾಯತೊಡಗಿದ. ಬಂದವರ ಬೆನ್ನು ಹತ್ತಿದ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ, "ಒಮ್ಮೆ ಹಿಡದ ನೋಡ್ರಿ, ಒಂದ ಒಮ್ಮೆ," ಎಂದು ಜೀವ ತಿಂದ. ಜನ ಒಳಗೆ ಬರುವುದನ್ನೇ ಬಿಟ್ಟು ಹೊರಗಿನಿಂದ ಕೈ ಮುಗಿದು ಹೋಗತೊಡಗಿದರು.

ಅಮಾವಾಸ್ಯೆಯ ಬೆಳಿಗ್ಗೆ ಅವನು ಅಜ್ಜಾರ ಮುಂದೆ ಬಂದು ನಿಂತ. ಬಟ್ಟೆಯ ಗಂಟು ಕಟ್ಟಿಯಾಗಿತ್ತು.

"ಇವತ್ತೂ ಜನ ಕಲ್ಲಿಗೆ ಫೋನ್ ಹಿಡೀಲಿಲ್ಲಂದ್ರ ನಾ ಆಶ್ರಮ ಬಿಟ್ಟ ಹೋಗ್ತೀನ್ರಿ. ಬ್ಯಾಡಾದ ಕಡೆ ಇರೂದರ ಯಾಕ?"

ದನಿ ಗಟ್ಟಿಯಾಗಿಯೇ ಇತ್ತು. ಕಣ್ಣು ಮಾತ್ರ ತುಂಬಿಬಂದಿತ್ತು. ಈ ಹುಡುಗನೆಂದರೆ ಅಜ್ಜಾರಿಗೆ ಜೀವ.

"ಮದಲ ಉಣ್ಣು ಬಾ," ಅಂದರು.

ಅಮಾವಾಸ್ಯೆಯ ಹೋಳಿಗೆ. ಅಜ್ಜಾರೇ ಕೈಯಾರೆ ಬಡಿಸಿದರು. ನಿರುಪಾದಿ ಮುಟ್ಟಲಿಲ್ಲ.

"ಯಾಕೋ?"

"ಹೊಟ್ಟಿ ತುಂಬೇತ್ರಿ ಅಜ್ಜಾರ."

ಅಜ್ಜಾರು ತಟ್ಟೆ ಎತ್ತಿಕೊಂಡು ಹೋಗಿ ಹಿತ್ತಲ ಆಕಳಿನ ಮುಂದೆ ಇಟ್ಟರು. ಆಕಳಿಗೇನು, ಹೋಳಿಗೆಯನ್ನು ಸುಖವಾಗಿ ತಿಂದಿತು. ವಾಪಸ್ ಬಂದವರ ಕೈಯಲ್ಲಿ ಓಂಕಾಳಿನ ಡಬ್ಬಿ. ಒಂದು ಚಿಟಿಕೆ ಅವನ ಅಂಗೈಗೆ ಹಾಕಿದರು.

"ತಿನ್ನು. ಹೊಟ್ಟಿ ಹಗರ ಆಗ್ತೈತಿ."

"ಏನ ಮಾಡಾಕ್ಹತ್ತೀರಿ ಅಜ್ಜಾರ! ನಾ ನಿನ್ನಿಯಿಂದ ಒಂದ ತುತ್ತು ಉಂಡಿಲ್ಲ!"

"ತುಂಬೇತಿ ಅಂದಿ?"

"ಮನಸ ಸರಿ ಇರಲಿಲ್ರಿ. ಪ್ರೀತಿಲೆ ಬಡಿಸೀರಿ. ಬ್ಯಾಡ ಅಂತ ನಿಮ್ಮ ಮುಖದ ಮ್ಯಾಲ ಹೆಂಗ ಅನ್ನೂದು? ಅದಕ್ಕ ಏನೋ ಒಂದ ಅಂದೆ."

ಅಜ್ಜಾರು ಡಬ್ಬಿಯ ಮುಚ್ಚಳ ಹಾಕಿದರು.

ನಿರುಪಾದಿ ಅಂಗೈಯ ಓಂಕಾಳು ನೋಡುತ್ತ ಕೂತ. ಗೋಡೆಯುದ್ದಕ್ಕೂ ಹಾಕಿಸಿದ ಪ್ಲಗ್ಗುಗಳು ಕಣ್ಮುಂದೆ ಬಂದವು.

"ಫೋನ್ ಇಲ್ಲೇ ಇಟ್ಟ ಕಲ್ಲಿನ ಕಡೆ ಹೋಗು," ಅಂದರು ಅಜ್ಜಾರು.

ಮ್ಯೂಸಿಯಂ ಒಳಗೆ ಹುಲಿಗೆಮ್ಮ ಒಬ್ಬಳೇ ವೀರಗಲ್ಲಿಗೆ ಎಣ್ಣೆ ಹಚ್ಚುತ್ತಿದ್ದಳು. ನಿರುಪಾದಿಯ ಹೆಜ್ಜೆ ಸದ್ದಿಗೆ ಬೆಚ್ಚಿಬಿದ್ದಳು.

"ಕನ್ನಡಕ ಇವತ್ತೂ ಮರತ..."

"ಫೋನ್ ತಂದಿಲ್ಲವ್ವಾ." ಎರಡೂ ಕೈ ತೋರಿಸಿದ.

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗಾದ್ರ ಇದನ್ನ ಹಿಡಿ," ಎಂದು ಎಣ್ಣೆಯ ಬಟ್ಟಲು ಕೊಟ್ಟಳು.

ಹಿಡಿದ. ನಾಲಿಗೆಯ ತುದಿಯವರೆಗೂ ಪ್ರಶ್ನೆ ಬಂದಿತ್ತು. ನುಂಗಿಕೊಂಡ. ಎಷ್ಟು ಕಷ್ಟಪಟ್ಟನೋ ಅವನಿಗೇ ಗೊತ್ತು.

ಮುದುಕಿ ಬೆರಳದ್ದಿ ಅದ್ದಿ ಹಚ್ಚಿದಳು. ಬಟ್ಟಲು ತಳ ಕಾಣುವ ಹೊತ್ತಿಗೆ ತಾನೇ ಬಾಯಿ ಬಿಟ್ಟಳು.

"ಇಂವ ಯಾರ ಗೊತ್ತೇನು?"

"ದನ ಬಿಡಸಾಕ ಹೋಗಿ ಸತ್ತ ವೀರ."

"ನಮ್ಮ ಮುತ್ಯಾ. ನಮ್ಮ ಮನಿತನದಾಂವ."

ನಿರುಪಾದಿ ತಲೆ ಎತ್ತಿ ಕಲ್ಲನ್ನು ನೋಡಿದ.

"ನೀ ಮಾಡಿದ್ದನ್ನ ನಾ ಮದಲನೇ ದಿನಾನ ನೋಡೇನಪ್ಪಾ, ಮೊಮ್ಮಗಳ ಫೋನಿನಾಗ. ಎದಿಗೆ ಬಾಣ ನಟ್ಟ ಕೂಡ್ಲೇ ಆ ಕೂಸು ಚಿಟ್ಟನೆ ಚೀರಿತು. ನನಗೂ ಅವತ್ತ ಅನ್ನ ಇಳೀಲಿಲ್ಲ."

ಅವಳು ಎಣ್ಣೆಯ ಬೆರಳನ್ನು ಕಲ್ಲಿನ ಬುಡಕ್ಕೆ ಇಟ್ಟಳು.

"ಇಲ್ಲೆ ಕೆಳಗ ಜಗಳ. ನಡುವ ನೋಡು, ದೇವಲೋಕದ ಹೆಣ್ಮಕ್ಕಳು ಅವನ್ನ ಎತ್ತಿಕೊಂಡ ಹೊಂಟಾರ. ಮ್ಯಾಲ ನೋಡು, ಶಿವನ ಮುಂದ ಕುಂತಾನ. ಕೆಲಸ ಮುಗಿಸಿ ಆರಾಮ ಕುಂತಾನ. ನೀ ಅಲ್ಲಿಂದ ಅವನ್ನ ಕೆಳಗ ಎಳಕೊಂಡ ಬಂದು, ಯಾರ ಫೋನ್ ಹಿಡದರೂ ಮತ್ತೊಮ್ಮೆ ಕೊಲ್ಲಸ್ತಿ. ಎಷ್ಟ ಸಲ ಸಾಯಬೇಕೋ ಅಂವ?"

ನಿರುಪಾದಿ ಬಟ್ಟಲನ್ನು ಕೆಳಗಿಟ್ಟ.

"ಮದಲ ಯಾಕ ಹೇಳಲಿಲ್ಲ ಅವ್ವಾ?"

"ಊಟ ನಿದ್ದಿ ಬಿಟ್ಟ ಮಾಡಿದ್ದಿ. ಹೆಂಗ ಹೇಳಲಿ? ಊರಾಗ ಎಲ್ಲಾರಿಗೂ ಅದ ಸಂಕಟ."

ಅವನು ಓಡಿದ. ನಾಚಿಕೆಯಿಂದ ಕಿವಿ ಸುಡುತ್ತಿದ್ದವು. ಗಂಟನ್ನು ಹೆಗಲಿಗೇರಿಸಿಕೊಂಡೇ ಅಜ್ಜಾರ ಮುಂದೆ ಬಂದ.

"ತಪ್ಪಾತ್ರಿ ಅಜ್ಜಾರ. ಜನ ಕಾದಾಟ ನೋಡಾಕ ನಿಲ್ತಾರ ಅಂತ ತಿಳಕೊಂಡೆ. ಈಗಿಂದೀಗ ಅಳಿಸಿಬಿಡ್ತೀನಿ."

"ಅಳಸು."

ಅಳಿಸಿದ. ಕಾಲಿಗೆ ಬಿದ್ದ. "ನನಗ ಅಪ್ಪಣಿ ಕೊಡ್ರಿ."

"ಕಲ್ಲಿನಾಗ ಮ್ಯಾಲಿನ ಸಾಲು ಉಳೀತಲ್ಲೋ," ಅಂದರು ಅಜ್ಜಾರು. ಎದ್ದು ಮ್ಯೂಸಿಯಂ ಕಡೆ ಹೊರಟರು. ನಿರುಪಾದಿ ಗಂಟು ಹೊತ್ತುಕೊಂಡೇ ಹಿಂದೆ ಹೋದ.

ಹುಲಿಗೆಮ್ಮ ಹೋಗಿಯಾಗಿತ್ತು. ಎಣ್ಣೆ ಕುಡಿದ ಕಲ್ಲು ಕರ್ರಗೆ ಹೊಳೆಯುತ್ತಿತ್ತು.

"ಮ್ಯಾಲ ತೋರ್ಸಾಕ ಏನ ಐತ್ರಿ ಅಜ್ಜಾರ?" ನಿರುಪಾದಿಗೆ ಅಳುವೇ ಬಂತು. "ಸುಮ್ಮನ ಕುಂತಾನ. ಕೈ ಅಲಗೂದಿಲ್ಲ, ಕಾಲ ಅಲಗೂದಿಲ್ಲ. ಏನಂದ್ರ ಏನೂ ನಡಿಯೂದಿಲ್ಲ. ಅದನ್ನ ಯಾರ ನೋಡ್ತಾರ್ರೀ?"

ಅಜ್ಜಾರು ಅವನ ಹೆಗಲಿನಿಂದ ಗಂಟು ಇಳಿಸಿದರು. ಕಲ್ಲಿನ ಮುಂದೆ ಚಾಪೆ ಹಾಸಿದರು.

"ನೀ ಕುಂದ್ರು. ನೋಡಾವ್ರು ಒಬ್ಬರಾದ್ರು."