ಹಾಳೆಯ ಖಾಲಿ ಮಗ್ಗುಲು

ಈ ಕಥೆಯನ್ನು ಮೊದಲು ಹೇಳಿದವಳು ಹೊಳೆದಂಡೆಯ ಮಠದ ಮುಂದೆ ಚಪ್ಪಲಿ ಕಾಯುವ ದ್ಯಾಮವ್ವ. ಕಂಪ್ಯೂಟರಿಗೆ ಸಂಬಂಧಪಟ್ಟ ಭಾಗವನ್ನು ಅವಳು ಹೇಳಿದ ಹಾಗೇ ಬರೆದರೆ ಓದುವವರು ಕಂಗಾಲಾದಾರು. ಅಷ್ಟನ್ನು ಮಾತ್ರ ತಿದ್ದಿದೆ. ಉಳಿದದ್ದೆಲ್ಲ ಅವಳದೇ.

ಆ ಮಠದ ಹಿಂದೆ, ಮಲಪ್ರಭೆಗೆ ಇಳಿಯುವ ಮೆಟ್ಟಿಲುಗಳ ಪಕ್ಕದ ಎರಡು ಕೋಣೆಗಳಲ್ಲಿ ಚನ್ನವೀರಯ್ಯ ಮಾಸ್ತರರು ಇದ್ದರು. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಒಂದು ಕೋಣೆಯಲ್ಲಿ ಅವರ ಹಾಸಿಗೆ. ಇನ್ನೊಂದರಲ್ಲಿ ಯಾರೋ ಭಕ್ತರು ಮಠಕ್ಕೆ ಕೊಟ್ಟ ಹಳೆಯ ಲ್ಯಾಪ್‌ಟಾಪು.

ಅವರ ಹತ್ತಿರ ಕೂತು ಹೋದ ಐದಾರು ಮಂದಿಗೆ ಪ್ರೋಗ್ರಾಮು ಬರೆಯುವ ಕೆಲಸ ಸಿಕ್ಕಿತ್ತು. ಹೀಗಾಗಿ ಮಾಸ್ತರರ ಹೆಸರು ಸುತ್ತಲಿನ ಊರುಗಳಲ್ಲಿ ಓಡಾಡುತ್ತಿತ್ತು. ಎಲ್ಲಿ ಪಾಠ ಹೇಳುತ್ತಿದ್ದರು ಎಂದು ಕೇಳಿದವರುಂಟು. ಯಾವ ಪಾಠ ಎಂದು ಕೇಳಿದವರಿಲ್ಲ.

ಶಿವಲೀಲಾ ಅವರಲ್ಲಿಗೆ ಬಂದದ್ದು ಹನ್ನೊಂದು ಸಂದರ್ಶನಗಳಲ್ಲಿ ಸೋತ ಮೇಲೆ.

ಬಿಸಿಎ ಮುಗಿಸಿ ಅವಳಿಗೆ ಮೂರನೆಯ ವರ್ಷ ನಡೆಯುತ್ತಿತ್ತು. ಅವಳು ಅರ್ಜಿ ಹಾಕುತ್ತಿದ್ದ ಕಂಪನಿಗಳೆಲ್ಲ ಹೊಸಬರನ್ನು ಕರೆಯುವಾಗ ಪಾಸಾದ ವರ್ಷ ನೋಡುತ್ತಿದ್ದವು. ಮೂರು ದಾಟಿದವರ ಅರ್ಜಿಯನ್ನು ತೆರೆಯುತ್ತಲೂ ಇರಲಿಲ್ಲ. ಉಳಿದದ್ದು ನಾಲ್ಕು ತಿಂಗಳು. ಆಮೇಲೆ ಅವಳು ಹೊಸಬಳೂ ಅಲ್ಲ, ಅನುಭವಸ್ಥಳೂ ಅಲ್ಲ. ಕರೆಯಲಿಕ್ಕೆ ಒಂದು ಹೆಸರೂ ಇಲ್ಲದವಳು.

ಅವಳ ಕೈಯಲ್ಲಿ ದಪ್ಪನೆಯ ಕಟ್ಟೊಂದಿತ್ತು. ಮುನ್ನೂರು ಪ್ರಶ್ನೆ, ಮುನ್ನೂರು ಉತ್ತರ. ನೆಟ್ಟಿನಿಂದ ಇಳಿಸಿಕೊಂಡು, ಒಂದೇ ಮಗ್ಗುಲಿಗೆ ಪ್ರಿಂಟು ಹಾಕಿಸಿ, ಸ್ಪೈರಲ್ ಬೈಂಡು ಮಾಡಿಸಿದ್ದಳು.

"ಎಲ್ಲಾ ಬಾಯಿಪಾಠ ಐತ್ರಿ ಸರ. ಆದ್ರೂ ಯಾಕ ಆಗವಲ್ದು ಗೊತ್ತಾಗವಲ್ದು," ಎಂದಳು.

ಮಾಸ್ತರರು ಕಟ್ಟನ್ನು ನಡುವೆ ತೆರೆದರು. ಕನ್ನಡಕ ಏರಿಸಿ, ಒಂದು ಪ್ರಶ್ನೆಯನ್ನು ಓದತೊಡಗಿದರು. ಒಂದೊಂದೇ ಇಂಗ್ಲಿಷ್ ಪದವನ್ನು ಮೆಟ್ಟಿಲು ಹತ್ತುವ ಹಾಗೆ, ಅಲ್ಲಲ್ಲಿ ನಿಂತು ದಮ್ಮು ತೆಗೆದುಕೊಂಡು. ಪಾಪ, ಕಣ್ಣು ಮಂಜಾಗಿರಬೇಕು ಅಂದುಕೊಂಡಳು ಶಿವಲೀಲಾ.

ಪ್ರಶ್ನೆ ಅರ್ಧಕ್ಕೆ ಬಂದಿರಲಿಲ್ಲ, ಅವಳು ಉತ್ತರ ಶುರು ಮಾಡಿಬಿಟ್ಟಳು. ಎಲ್ಲೂ ತಡೆಯಲಿಲ್ಲ. ಅಲ್ಪವಿರಾಮಗಳ ಸಮೇತ ಒಪ್ಪಿಸಿ ನಿಲ್ಲಿಸಿದಳು.

ಮಾಸ್ತರರು ಕೊನೆಯತನಕ ಕೇಳಿಸಿಕೊಂಡರು.

"ಛಲೋ ಹೇಳಿದಿ," ಎಂದರು. "ನಾ ಇನ್ನಾ ಕೇಳೇ ಇಲ್ಲಲ್ಲ, ತಂಗಿ."

ಶಿವಲೀಲಾಳ ಮುಖ ಸಣ್ಣದಾಯಿತು. ಹನ್ನೊಂದರಲ್ಲಿ ನಾಲ್ಕು ಕಡೆ ಇದೇ ಮಾತನ್ನು ಬೇರೆ ಬೇರೆ ಭಾಷೆಯಲ್ಲಿ ಹೇಳಿ ಕಳಿಸಿದ್ದರು. ಆಗ ಅದು ಅವಳ ಕಿವಿಗೆ ಬಿದ್ದಿರಲಿಲ್ಲ. ಮುಂದಿನ ಉತ್ತರ ನಾಲಿಗೆಯ ಮೇಲೆ ಬಂದು ಕೂತಿರುತ್ತಿತ್ತಲ್ಲ.

ಎಲ್ಲಿಂದ ಶುರು ಮಾಡಲಿ, ಯಾವ ಭಾಷೆ ಮೊದಲು, ದಿನಕ್ಕೆ ಎಷ್ಟು ತಾಸು ಎಂದು ಕೇಳಿದಳು. ಮಾಸ್ತರರು ಯಾವುದಕ್ಕೂ ಉತ್ತರ ಕೊಡಲಿಲ್ಲ.

"ದ್ಯಾಮವ್ವನ ಕಡೆ ಹೋಗಿ ಕುಂದ್ರು. ಆಕೀಗೆ ಏನರ ತ್ರಾಸ ಐತೇನು ಕೇಳು."

ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು ಚಪ್ಪಲಿಗಳ ನಡುವೆ ಹೋಗಿ ಕೂತಳು. ದ್ಯಾಮವ್ವ ಅವಳನ್ನು ಮೇಲಿಂದ ಕೆಳಗೆ ನೋಡಿ, ಡಿಗ್ರಿ ಆದವರಿಗೆ ಚಪ್ಪಲಿ ಜೋಡಿ ಮಾಡಲು ಬರುತ್ತದೋ ಅಥವಾ ಅದಕ್ಕೂ ಪರೀಕ್ಷೆ ಕಟ್ಟಬೇಕೋ ಎಂದು ವಿಚಾರಿಸಿದಳು.

ದ್ಯಾಮವ್ವನ ತ್ರಾಸು ಇಷ್ಟೇ. ಬಂದವರಿಗೆ ನಂಬರಿನ ಬಿಲ್ಲೆ ಕೊಡುತ್ತಾಳೆ. ಚಪ್ಪಲಿಯನ್ನು ಖಾಲಿ ಇದ್ದ ಗೂಡಿಗೆ ತಳ್ಳುತ್ತಾಳೆ. ಯಾವ ಬಿಲ್ಲೆಯವರದು ಯಾವ ಗೂಡಿನಲ್ಲಿ ಎಂಬುದು ಅವಳ ತಲೆಯಲ್ಲಿರುತ್ತದೆ. ಎಪ್ಪತ್ತು ದಾಟಿದ ಮೇಲೆ ಆ ತಲೆ, ಅದರಲ್ಲೂ ಅಮಾವಾಸ್ಯೆಯ ಗದ್ದಲದಲ್ಲಿ, ಸ್ವಲ್ಪ ಕೈಕೊಡುತ್ತಿತ್ತು.

ಶಿವಲೀಲಾಗೆ ನಗು ಬಂತು. ಇದು ಕಾಲೇಜಿನ ಮೊದಲ ವರ್ಷದ ಲೆಕ್ಕ. ನಾಲ್ಕು ಕಡೆಯಿಂದ ನಾಲ್ಕು ತುಂಡು ನಕಲು ಮಾಡಿ, ಅಂಟಿಸಿ, ಸಂಜೆಯೊಳಗೆ ಪ್ರೋಗ್ರಾಮು ಮುಗಿಸಿದಳು. ಬಿಲ್ಲೆಯ ನಂಬರು ಕೊಟ್ಟರೆ ಗೂಡಿನ ನಂಬರು ಹೇಳುತ್ತಿತ್ತು. ಐದು ಜೊತೆ ಚಪ್ಪಲಿ ಇಟ್ಟು ತೋರಿಸಿದಳು. ಐದೂ ಸರಿಯಾಗಿ ಬಂದವು.

"ಆತ್ರಿ ಸರ," ಎಂದಳು.

"ಅಮಾಸಿ ಬರಲಿ," ಎಂದರು ಮಾಸ್ತರರು.

ಅಮಾವಾಸ್ಯೆ ಬಂತು. ಮಧ್ಯಾಹ್ನದ ಹೊತ್ತಿಗೆ ಗದಗಿನಿಂದ ಬಂದ ಒಬ್ಬ ಹೆಡ್‌ಮಿಸ್ಸಿನ ಮುಂದೆ ಯಾರದೋ ಕೆಸರು ಹತ್ತಿದ ಗಂಬೂಟುಗಳಿದ್ದವು. ಒಬ್ಬ ಹಿರಿಯರಿಗೆ ಗೆಜ್ಜೆ ಕಟ್ಟಿದ ಮಗುವಿನ ಚಪ್ಪಲಿ ಬಂದಿತ್ತು. ಅವರು ಅದನ್ನು ಹಿಡಿದುಕೊಂಡು, ಸಿಟ್ಟು ಮಾಡುವುದೋ ನಗುವುದೋ ತಿಳಿಯದೆ ನಿಂತಿದ್ದರು. ಜನ ಸಾಲು ಮುರಿದು ಮೈಮೇಲೆ ಬಂದರು.

ದ್ಯಾಮವ್ವ ಎದ್ದು ಲ್ಯಾಪ್‌ಟಾಪಿನ ಬಾಯಿ ಮುಚ್ಚಿದಳು. ಒಂದು ತಾಸಿನೊಳಗೆ ಎಲ್ಲರ ಚಪ್ಪಲಿ ಎಲ್ಲರಿಗೂ ತಲುಪಿಸಿದಳು.

"ನಿನ್ನ ಡಬ್ಬಿಯ ನೆನಪಿಗಿಂತ ನನ್ನ ಮರವು ಛಲೋ ಐತವ್ವಾ," ಎಂದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

ಶಿವಲೀಲಾ ಲ್ಯಾಪ್‌ಟಾಪು ಎದೆಗವಚಿಕೊಂಡು ಮಾಸ್ತರರ ಕೋಣೆಗೆ ಹೋದಳು. ಅವರು ಮೆಟ್ಟಿಲ ಮೇಲೆ ಕೂತು ಸೇಂಗಾ ಸುಲಿಯುತ್ತಿದ್ದರು. ಎಲ್ಲೋ ತಪ್ಪಿದೆ, ಎಲ್ಲಿ ಅಂತ ನೋಡಿ ಹೇಳಿ ಎಂದು ತೆರೆದು ಹಿಡಿದಳು.

ಅವರು ಪರದೆಯ ಕಡೆ ನೋಡಲೇ ಇಲ್ಲ.

"ನೀ ಏನೇನ ಮಾಡಿ ನೋಡಿದಿ?"

"ಏನಿಲ್ರಿ. ನಿಮ್ಮನ್ನ ಕೇಳೂಣು ಅಂತ ಬಂದೆ."

ಮಾಸ್ತರರು ಒಳಗೆ ಹೋಗಿ, ಅವಳು ಮೊದಲ ದಿನ ಬಿಟ್ಟುಹೋಗಿದ್ದ ಮುನ್ನೂರು ಉತ್ತರಗಳ ಕಟ್ಟನ್ನು ತಂದರು. ಶಿವಲೀಲಾಗೆ ಆಸೆ ಹುಟ್ಟಿತು. ಅವರು ಅದನ್ನು ಬೋರಲು ಹಾಕಿ ಅವಳ ಮುಂದಿಟ್ಟರು.

"ಈ ಮಗ್ಗಲ ಖಾಲಿ ಐತಿ. ಏನ ಆಗ್ತೈತಿ ಅನ್ಕೊಂಡಿದ್ದಿ, ಅದನ್ನ ಬರಿ. ಏನ ಆತು, ಅದನ್ನೂ ಬರಿ. ಬರದ ಮ್ಯಾಲ ಬಾ."

ಅವಳು ಬರೆದಳು. ಮೊದಲ ದಿನ ಬರೆದದ್ದು ಎರಡು ಸಾಲು. ಲ್ಯಾಪ್‌ಟಾಪು ಹಳೆಯದು, ಅದಕ್ಕೇ ತಪ್ಪಿರಬೇಕು ಅಂದುಕೊಂಡೆ. ಬೇರೆ ಕಂಪ್ಯೂಟರಿನಲ್ಲೂ ಹಾಗೇ ಆಯಿತು.

ಎರಡನೆಯ ದಿನ, ಗದ್ದಲದಲ್ಲಿ ನಂಬರು ತಪ್ಪು ಒತ್ತಿರಬೇಕು ಅಂದುಕೊಂಡೆ. ನಿಧಾನಕ್ಕೆ ಒತ್ತಿದರೂ ಹಾಗೇ ಆಯಿತು.

ಮೂರನೆಯ ದಿನ ಅವಳಿಗೆ ಒಂದು ಸಂಗತಿ ಹೊಳೆಯಿತು. ತಾನು ಅಂಟಿಸಿದ ನಾಲ್ಕು ತುಂಡುಗಳಲ್ಲಿ ಎರಡು ಏನು ಮಾಡುತ್ತವೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಹಾಳೆಯ ಮೇಲೆ ಅದನ್ನೂ ಬರೆದಳು. ಎಲ್ಲವನ್ನೂ ಅಳಿಸಿ, ಕಾಲೇಜಿನ ಪುಸ್ತಕವನ್ನು ಮೊದಲ ಪಾಠದಿಂದ ತೆರೆದು, ಗೊತ್ತಿದ್ದಷ್ಟೇ ಸಾಲುಗಳಿಂದ ಪ್ರೋಗ್ರಾಮನ್ನು ಮತ್ತೆ ಕಟ್ಟತೊಡಗಿದಳು.

ದಿನವೂ ಮೆಟ್ಟಿಲಿಗೆ ಬಂದು ಹೇಳುವಳು. ಮಾಸ್ತರರು ಕೇಳುವರು. ತಿಳಿಯದಿದ್ದಲ್ಲಿ, "ನನಗ ತಿಳಿಯೂ ಹಂಗ ಹೇಳು," ಎನ್ನುವರು. ತಿಳಿಯುವ ಹಾಗೆ ಹೇಳಲು ಹೋಗಿ ಶಿವಲೀಲಾ ಎಷ್ಟೋ ಸಲ ಮಾತಿನ ನಡುವೆಯೇ ತಡೆದು ನಿಲ್ಲುವಳು. "ಇರ್ರಿ ಸರ," ಎಂದು ಓಡುವಳು. ಮಾಸ್ತರರು ಸೇಂಗಾಕ್ಕೆ ಮರಳುವರು.

ಒಂಬತ್ತನೆಯ ದಿನ ಅವಳು ಒಂದು ಹೊಸ ಸಾಲು ಸೇರಿಸಿದಳು. ಪ್ರತಿ ಬಿಲ್ಲೆ ಬರೆದುಕೊಂಡ ಕೂಡಲೇ, ಈಗ ತನ್ನಲ್ಲಿ ಎಷ್ಟು ಬಿಲ್ಲೆಗಳಿವೆ ಎಂದು ಯಂತ್ರ ಹೇಳಬೇಕು. ದ್ಯಾಮವ್ವನ ಪಕ್ಕ ಕೂತು ಬುಟ್ಟಿಯಿಂದ ಬಿಲ್ಲೆ ತೆಗೆದು ಒಂದೊಂದೇ ಬರೆಯುತ್ತ ಹೋದಳು. ಹತ್ತೊಂಬತ್ತು ಬರೆದಾಗ ಹತ್ತೊಂಬತ್ತು ಎಂದಿತು. ಇಪ್ಪತ್ತು ಬರೆದಾಗಲೂ ಹತ್ತೊಂಬತ್ತೇ ಎಂದಿತು.

ಅವಳು ಕೊನೆಯ ಬಿಲ್ಲೆ ನೋಡಿದಳು. ಹದಿನಾಲ್ಕು. ಮೇಲಿನಿಂದ ಹುಡುಕಿದಳು. ಆರನೆಯದೂ ಹದಿನಾಲ್ಕು.

ದ್ಯಾಮವ್ವ ತೆಗೆದಿಟ್ಟ ಬಿಲ್ಲೆಗಳಲ್ಲಿ ನೋಡದೆಯೇ ಕೈಯಾಡಿಸಿ ಎರಡನ್ನೂ ಅವಳ ಅಂಗೈಗೆ ಹಾಕಿದಳು. ಒಂದು ಹಿತ್ತಾಳೆಯದು, ಒಂದು ಪ್ಲಾಸ್ಟಿಕ್ಕಿನದು. ಹಳೆಯವು ಕಳೆದವೆಂದು ಮಠದವರು ಹೊಸವು ಮಾಡಿಸಿದ್ದರಂತೆ. ಆಮೇಲೆ ಹಳೆಯವೂ ಸಿಕ್ಕವಂತೆ. ದ್ಯಾಮವ್ವನ ಬೆರಳಿಗೇ ಗೊತ್ತಾಗುತ್ತಿತ್ತು. ಯಂತ್ರಕ್ಕೆ ಬೆರಳಿರಲಿಲ್ಲ. ಅದು ತಕರಾರೂ ಮಾಡದೆ ಮೊದಲಿನ ಹದಿನಾಲ್ಕನ್ನು ಒರೆಸಿ ಎರಡನೆಯದನ್ನು ಬರೆದುಕೊಂಡಿತ್ತು.

"ಇದನ್ನ ಮೊದಲ ಯಾಕ ಹೇಳಲಿಲ್ಲ ಯಮ್ಮಾ?"

"ನೀ ಎಲ್ಲಿ ಕೇಳಿದಿ?"

ಒಂದೇ ನಂಬರು ಎರಡು ಸಲ ಬಂದರೆ ಏನಾಗುತ್ತದೆ ಎಂಬುದು ಆ ಮುನ್ನೂರರಲ್ಲಿ ಒಂದು ಪ್ರಶ್ನೆ. ಅದರ ಉತ್ತರವನ್ನು ಶಿವಲೀಲಾ ಎರಡು ವರ್ಷದಿಂದ ಒಪ್ಪಿಸುತ್ತಲೇ ಇದ್ದಳು.

ಒಂದೇ ನಂಬರು ಮತ್ತೆ ಬಂದರೆ ಯಂತ್ರ ತಡೆಯುವ ಹಾಗೆ ಮಾಡಿದಳು. ಮುಂದಿನ ಅಮಾವಾಸ್ಯೆಗೆ ಇನ್ನೊಂದು ತಪ್ಪು ಹೊರಬಿತ್ತು. ಚಪ್ಪಲಿ ಮರಳಿಸಿದ ಮೇಲೆ ಬಿಲ್ಲೆಯನ್ನು ಪಟ್ಟಿಯಿಂದ ಅಳಿಸಲು ಮರೆತಿದ್ದಳು; ಅದೇ ಬಿಲ್ಲೆ ಇನ್ನೊಬ್ಬರಿಗೆ ಹೋದಾಗ ಯಂತ್ರ ಒಪ್ಪಲಿಲ್ಲ. ಅದನ್ನು ಅವಳೇ ಎರಡು ದಿನದಲ್ಲಿ ಹುಡುಕಿದಳು. ಮೂರನೆಯ ಅಮಾವಾಸ್ಯೆಗೆ ಗದ್ದಲವಿತ್ತು, ಜಗಳವಿರಲಿಲ್ಲ. ದ್ಯಾಮವ್ವ ಹೊಗಳಲಿಲ್ಲ. ತಾನು ಕೂರುವ ಸ್ಟೂಲನ್ನು ಒರೆಸಿ ಅವಳ ಕಡೆ ಸರಿಸಿದಳು.

ಅಷ್ಟರಲ್ಲಿ ಶಿವಲೀಲಾ ಪುಸ್ತಕದ ಕೊನೆಯ ಪಾಠ ತಲುಪಿದ್ದಳು. ಒಂದು ಸಾಲನ್ನೂ ಹಾರಿಸಿರಲಿಲ್ಲ. ಕಟ್ಟಿನ ಹಿಂಬದಿಯಲ್ಲಿ ನೂರ ಎಪ್ಪತ್ತು ಹಾಳೆ ತುಂಬಿದ್ದವು. ಮೊದಮೊದಲ ಹಾಳೆಗಳಲ್ಲಿ ಕಣ್ಣೀರಿನ ಕಲೆ ಇದ್ದವೆಂದು ದ್ಯಾಮವ್ವ ಹೇಳುತ್ತಾಳೆ. ಆಮೇಲಿನವುಗಳಲ್ಲಿ ಬರೀ ಸೇಂಗಾದ ಸಿಪ್ಪೆ.

ಹನ್ನೆರಡನೆಯ ಕರೆ ಬಂದದ್ದು ಹುಬ್ಬಳ್ಳಿಯಿಂದ. ಆಸ್ಪತ್ರೆಗಳಿಗೆ ಪ್ರೋಗ್ರಾಮು ಬರೆದುಕೊಡುವ ಸಣ್ಣ ಕಂಪನಿ. ನಾಲ್ಕು ತಿಂಗಳಲ್ಲಿ ಇನ್ನು ಉಳಿದಿದ್ದದ್ದು ಇಪ್ಪತ್ತು ದಿನ. ಇದು ತಪ್ಪಿದರೆ ಇನ್ನೊಂದು ಕರೆ ಬರುವುದಿಲ್ಲ ಎಂದು ಶಿವಲೀಲಾಗೆ ಗೊತ್ತಿತ್ತು.

ಎದುರು ಕೂತವರು ಫರ್ಹಾನಾ ಮೇಡಂ. ಯಾವ ಪ್ರಾಜೆಕ್ಟು ಮಾಡಿದ್ದೀ ಎಂದು ಕೇಳಿದರು. ಅವಳಿಗಿಂತ ಮೊದಲು ಹೋದವರ ಪ್ರಾಜೆಕ್ಟುಗಳಿಗೆ ಒಂದೊಂದು ಸಾಲಿನಷ್ಟುದ್ದದ ಹೆಸರುಗಳಿದ್ದವು. ಮಠದ ಚಪ್ಪಲಿ ಇಡುವ ಪ್ರೋಗ್ರಾಮು ಎಂದಳು ಶಿವಲೀಲಾ. ಮೇಡಂ ಪಕ್ಕದಲ್ಲಿದ್ದವನು ಕೆಮ್ಮಿದ ಹಾಗೆ ಮಾಡಿ ನಕ್ಕ.

ಮೇಡಂ ಅವಳ ಮುಂದಿದ್ದ ಕಟ್ಟನ್ನು ಎಳೆದುಕೊಂಡರು. ಆ ಮುನ್ನೂರು ಉತ್ತರಗಳನ್ನು ಅವರು ಬೆಳಿಗ್ಗೆಯಿಂದ ಎಷ್ಟು ಬಾಯಿಗಳಿಂದ ಕೇಳಿದ್ದರೋ. ಬೇಸರದಿಂದ ಮುಚ್ಚಿಡಹೋದಾಗ ಹಾಳೆಯೊಂದು ಮಗುಚಿತು.

ಅವರು ಓದಿದರು. ಇನ್ನೊಂದು ಹಾಳೆ ಮಗುಚಿ ಓದಿದರು. ಪಕ್ಕದವನಿಗೆ ಚಹಾ ಹೇಳಿ ಕಳಿಸಿ, ಮತ್ತೆ ಓದಿದರು.

"ಯಾವ ಮಗ್ಗಲಿಂದ ಕೇಳ್ಲಿ?" ಎಂದರು ಕೊನೆಗೆ.

"ಬರದದ್ದರಿಂದ ಕೇಳ್ರಿ ಮೇಡಂ."

ಪ್ರಶ್ನೆ ಆಸ್ಪತ್ರೆಯದು. ಇಬ್ಬರು ರೋಗಿಗಳು, ಒಂದೇ ನಂಬರು. ಅಷ್ಟು ಕೇಳಿದ್ದೇ ಶಿವಲೀಲಾಳ ನಾಲಿಗೆ ಹಳೆಯ ಚಟಕ್ಕೆ ಮೇಲೆದ್ದಿತು. ಅವಳು ಅದನ್ನು ಹಲ್ಲಿನ ನಡುವೆ ಹಿಡಿದಳು. ಪ್ರಶ್ನೆ ಮುಗಿಯುವತನಕ ಕಾದಳು. ಕೊನೆಗೆ ಆ ಪ್ರಶ್ನೆ ತಿರುಗಿದ್ದೇ ಬೇರೆ ಕಡೆಗೆ: ಆ ಇಬ್ಬರಲ್ಲಿ ಒಬ್ಬರ ರಕ್ತದ ವರದಿ ಇನ್ನೊಬ್ಬರಿಗೆ ಹೋಗಿಬಿಟ್ಟಿದೆ ಎಂದು ಮೊದಲು ಯಾರಿಗೆ, ಹೇಗೆ ತಿಳಿಯಬೇಕು?

ಅವಳು ಮೊದಲು ತಾನೇ ಎರಡು ಪ್ರಶ್ನೆ ಕೇಳಿದಳು. ಉತ್ತರ ಪಡೆದು, ಗೊತ್ತಿದ್ದಷ್ಟನ್ನು ಹಾಳೆಯ ಮೇಲೆ ಬರೆದು ತೋರಿಸಿದಳು. ಒಂದು ಕಡೆ ತಡೆದು, ಇಲ್ಲಿಂದ ಮುಂದೆ ತನಗೆ ಗೊತ್ತಿಲ್ಲ, ಆದರೆ ಗೊತ್ತು ಮಾಡಿಕೊಳ್ಳಲು ಮೊದಲು ಏನು ಮಾಡಿ ನೋಡುತ್ತೇನೆ ಎಂದು ಹೇಳಬಲ್ಲೆ ಎಂದಳು. ಮೇಡಂ ಹೇಳು ಎಂದರು. ಚಹಾ ಆರಿತು.

ಆರನೆಯ ದಿನ ಕೆಲಸದ ಪತ್ರ ಬಂತು.

ಶಿವಲೀಲಾ ಪೇಢೆ ತೆಗೆದುಕೊಂಡು ಮೆಟ್ಟಿಲಿಗೆ ಬಂದಳು. ಮಾಸ್ತರರ ಕಾಲಿಗೆ ನಮಸ್ಕರಿಸಿ ಲ್ಯಾಪ್‌ಟಾಪನ್ನು ಅವರ ಮುಂದಿಟ್ಟಳು. ನಿಮ್ಮ ಕೈಯಾರೆ ಒಂದು ಪ್ರೋಗ್ರಾಮು ಬರೆದುಕೊಡಿ, ಎರಡು ಸಾಲಾದರೂ ಸಾಕು, ಆಶೀರ್ವಾದ ಅಂತ ಇಟ್ಟುಕೊಳ್ಳುತ್ತೇನೆ ಎಂದಳು.

ಮಾಸ್ತರರು ಲ್ಯಾಪ್‌ಟಾಪನ್ನು ಆ ಕಡೆ, ಈ ಕಡೆ ತಿರುಗಿಸಿ ನೋಡಿದರು.

"ಇದನ್ನ ಚಾಲೂ ಮಾಡೂದು ಎಲ್ಲಿಂದ, ತಂಗಿ?"

ನಗೆಚಾಟಿಕೆ ಇರಬೇಕೆಂದು ಅವಳು, ಪೇಢೆಗೆಂದು ಹಿಂದೆಯೇ ಬಂದಿದ್ದ ದ್ಯಾಮವ್ವನ ಕಡೆ ನೋಡಿದಳು. ದ್ಯಾಮವ್ವ ಗಡಿಬಿಡಿಯಿಂದ ಮೆಟ್ಟಿಲ ಬಳಿ ಬಿಟ್ಟಿದ್ದ ಯಾರದೋ ಚಪ್ಪಲಿ ಜೋಡಿಸತೊಡಗಿದಳು.

ಮಾಸ್ತರರು ಐಟಿಐನಲ್ಲಿ ಮೂವತ್ತು ವರ್ಷ ಫಿಟ್ಟರ್ ಹುಡುಗರಿಗೆ ಕಬ್ಬಿಣ ಉಜ್ಜಿ ಸಮ ಮಾಡುವುದನ್ನು ಕಲಿಸಿದವರು. ಕಂಪ್ಯೂಟರಿಗೆ ಕೈ ಹಚ್ಚಿದವರಲ್ಲ. "ನನಗ ತಿಳಿಯೂ ಹಂಗ ಹೇಳು" ಎಂದಾಗೆಲ್ಲ ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ಶಿವಲೀಲಾ ಮೆಟ್ಟಿಲ ಮೇಲೆ ಕೂತಳು. ಹೊಳೆಯನ್ನು ನೋಡಿದಳು. ನಾಲ್ಕು ತಿಂಗಳನ್ನು ಹಿಂದಿನಿಂದ ಮುಂದಕ್ಕೆ ಮನಸ್ಸಿನಲ್ಲೇ ಒಂದು ಸಲ ನಡೆದು ಬಂದಳು. ಮಾಸ್ತರರು ಒಂದು ಪೇಢೆ ಬಾಯಿಗೆ ಹಾಕಿಕೊಂಡರು.

"ಮತ್ತ ಅಷ್ಟ ಮಂದಿಗೆ ಹೆಂಗ ಕಲಿಸಿದ್ರಿ ಸರ?"

"ನಾ ಎಲ್ಲಿ ಕಲಿಸಿದೆ?"

ಏಳುವ ಮೊದಲು ಅವಳು ಇನ್ನೊಂದು ಮಾತು ಹೇಳಿದಳು. ತನ್ನ ಕಾಲೇಜಿನ ಇಬ್ಬರು ಹುಡುಗಿಯರು ಕಟ್ಟನ್ನು ಝೆರಾಕ್ಸಿಗೆ ಕೇಳಿದ್ದಾರೆ. ಬರೆದ ಮಗ್ಗುಲನ್ನೂ ಕೊಡು ಅಂದಿದ್ದಾರೆ. ಕೊಡಲೋ ಬೇಡವೋ?

ಮಾಸ್ತರರು ಕೈ ಒರೆಸಿಕೊಂಡರು.

"ಅವರ ಕೈಗೆ ಖಾಲಿ ಹಾಳಿ ಕೊಡು. ನನಗ ದಾರಿ ಗೊತ್ತಿರಲಿಲ್ಲ, ಹಂಗಾಗಿ ಸುಮ್ಮನ ಕುಂದ್ರೂದು ಸರಳ ಇತ್ತು. ನಿನಗ ಗೊತ್ತೈತಿ. ಇದನ್ನ ಮುಂದಿನವರಿಗೆ ದಾಟಿಸಬೇಕಂದ್ರ, ನೀ ಬಾಯಿ ಮುಚಗೊಂಡು ಕುಂದ್ರಾಕ ಕಲೀಬೇಕು, ತಂಗಿ."