ಸಣ್ಣೀರ ನೀರಾಟದ ಪಾರ್ಕು ಗೊತ್ತುಮಾಡಿದ್ದು

ನಾನು ಹೇಳೋದನ್ನ ಹೇಳ್ತೀನಿ, ನಗೋರು ನಕ್ಕೊಳ್ಳಿ. ಆದರೆ ದುಂಡಮ್ಮನ ಎದುರಿಗೆ ಮಾತ್ರ ನಗಬೇಡಿ, ಅವಳ ಕೈಯಲ್ಲಿ ಯಾವಾಗಲೂ ಸೌಟು ಇರುತ್ತೆ.

ಈ ದುಂಡಮ್ಮ ಹೊಂಬಾಳೆಕೊಪ್ಪಲಿನ ಸ್ಕೂಲಿನಲ್ಲಿ ಬಿಸಿಯೂಟ ಬೇಯಿಸುವವಳು. ಹದಿನಾಲ್ಕು ವರ್ಷದಿಂದ ಅದೇ ಒಲೆ, ಅದೇ ಸೆಕೆ, ಅದೇ ಸಾಂಬಾರು. ಗಂಡ ಇಲ್ಲ. ಇರುವವನು ಒಬ್ಬನೇ ಮಗ, ಸಣ್ಣೀರ. ಹೆಸರು ಸಣ್ಣೀರ, ಆಳು ಎತ್ತಿನಂಥವನು, ವಯಸ್ಸು ಇಪ್ಪತ್ತಾರು. ಹೇಳಿದ ಮಾತು ಮೀರಿದವನೇ ಅಲ್ಲ, ತೊಂದರೆ ಇರೋದೇ ಅಲ್ಲಿ. "ಇಲ್ಲೇ ಇರು, ಬಂದೆ" ಅಂತ ಅಂಗಡಿ ಮುಂದೆ ನಿಲ್ಲಿಸಿ ಮರೆತು ಬಂದರೆ, ಮಾರನೆಯ ದಿನ ಅಂಗಡಿಯವನೇ ಕರಕೊಂಡು ಬಂದು ಮನೆಗೆ ಬಿಡಬೇಕು.

ಒಂದು ದಿನ ಸುತ್ತಮುತ್ತಲ ಸ್ಕೂಲುಗಳ ಅಡುಗೆಯವರು, ಒಟ್ಟು ಏಳು ಜನ ಹೆಂಗಸರು, ಸೇರಿ ಮಾತಾಡಿಕೊಂಡರು. ವರ್ಷವೆಲ್ಲ ಬೆಂಕಿ ಮುಂದೆ ಬೇಯುತ್ತೇವೆ, ಒಂದು ದಿನವಾದರೂ ನೀರಾಟದ ಪಾರ್ಕಿಗೆ ಹೋಗಿ ಬರೋಣ ಅಂತ. ಎಲ್ಲರಿಗಿಂತ ಹೆಚ್ಚು ಆಸೆ ದುಂಡಮ್ಮನಿಗೇ. ತನ್ನ ವಯಸ್ಸಿನ ಹೆಂಗಸೊಬ್ಬಳು ಎತ್ತರದ ಜಾರುಬಂಡೆಯಲ್ಲಿ ಜರ್ರನೆ ಇಳಿದು ನೀರಿಗೆ ಬಿದ್ದು ನಗುವುದನ್ನು ಟಿವಿಯಲ್ಲಿ ಒಮ್ಮೆ ನೋಡಿದ್ದಳು. ಆವತ್ತಿನಿಂದ ಸಾಂಬಾರು ತಿರುವುವಾಗೆಲ್ಲ ಅದೇ ಕಣ್ಣಿಗೆ ಕಟ್ಟುತ್ತಿತ್ತು. ಸಾಯೋದ್ರೊಳಗೆ ನಾನೂ ಒಂದ್ಸಲ ಹಂಗೆ ಜಾರಬೇಕು ಅನ್ನೋದೊಂದೇ ಅವಳ ಆಸೆ.

"ಏರ್ಪಾಟೆಲ್ಲ ನನ್ ಮಗ ಮಾಡ್ತಾನೆ" ಅಂದುಬಿಟ್ಟಳು. ಉಳಿದ ಆರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ಹೆತ್ತವಳ ಮುಂದೆ ಏನಂತಾರೆ, ಹೂಂ ಅಂದರು.

ಹೋಗಿಬರುವಷ್ಟು ದೂರದಲ್ಲಿ ಎರಡು ಪಾರ್ಕು. ಒಂದು ಮೋಜಿನೂರು, ಇನ್ನೊಂದು ನೀರ್ಜೋಕಾಲಿ.

"ಹೋಗ್ಲಾ ಮಗ, ಎರಡ್ನೂ ನೋಡ್ಕಂಡ್ ಬಾ. ಯಾವ್ದ್ ಚೆಂದಾಗದೆ ಅಂತ ಹೇಳು" ಅಂದಳು ದುಂಡಮ್ಮ.

ಸಣ್ಣೀರ ಬೆಳಿಗ್ಗೆ ಹೋದ, ಸಾಯಂಕಾಲ ಬಂದ.

"ನೀರ್ಜೋಕಾಲಿನೇ ಚೆಂದ ಕಣವ್ವ. ಅದರ ಗೋಡೆ ನೀಲಿ. ಮೋಜಿನೂರಿನ ಗೋಡೆಗೆ ಬರೀ ಸುಣ್ಣ."

"ಗೋಡೆ ಇರ್ಲಿ, ಒಳಗೇನೈತ್ಲಾ?"

"ಒಳಕ್ ಯಾರೋದ್ರು? ನೋಡ್ಕಂಡ್ ಬಾ ಅಂದೆ, ನೋಡ್ಕಂಡ್ ಬಂದೆ. ಚೆನ್ನಾಗ್ ನೋಡಾನ ಅಂತ ಸುತ್ತ ಒಂದೊಂದ್ ಸುತ್ತು ಬೇರೆ ಹೊಡ್ದಿವ್ನಿ."

ದುಂಡಮ್ಮ ಹಣೆ ಚಚ್ಚಿಕೊಂಡಳು. "ಗೋಡೆ ನೋಡೋಕೆ ಎರಡ್ ಬಸ್ ಹತ್ತಿದ್ಯೇನ್ಲಾ? ಬಾಗ್ಲಲ್ಲಿ ನಿಂತ್ಕಂಡು, ಹೊರಕ್ ಬರೋರ್ನ ಕೇಳ್ಬೇಕು ಕಣ್ಲಾ. ಹೆಂಗಿತ್ತು, ಮಜಾ ಬಂತಾ, ಇನ್ನೊಂದ್ಸಲ ಬತ್ತೀರಾ, ಹಿಂಗ್ ಕೇಳ್ಬೇಕು."

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಕೇಳ್ತೀನಿ."

ನೀಲಿ ಗೋಡೆಯ ಪಾರ್ಕೇ ಇರಲಿ ಅಂತ ಹೆಂಗಸರೂ ಒಪ್ಪಿದರು. ಇನ್ನು ರಜೆ ಕೇಳಬೇಕು. ಹೆಡ್‌ಮೇಷ್ಟ್ರು ಪರಮೇಶಪ್ಪ ಆವತ್ತು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. "ಅಲ್ಲೇ ಹೋಗಿ, ಯಾವತ್ತು ರಜಾ ಕೊಡ್ತೀರಾ ಅಂತ ಕೇಳ್ಕಂಡ್ ಬಾ" ಅಂದಳು ತಾಯಿ.

ಸಣ್ಣೀರ ಹೋಗಿ ಡಾಕ್ಟರ ಬಾಗಿಲಲ್ಲಿ ನಿಂತ. ಹೊರಕ್ಕೆ ಬರೋರನ್ನ ಕೇಳಬೇಕು ತಾನೆ? ಮೇಷ್ಟ್ರು ಬಂದರು. ಎರಡು ಹಲ್ಲು ಕಿತ್ತಿಸಿಕೊಂಡು, ಬಾಯಿ ತುಂಬ ಹತ್ತಿ ತುರುಕಿಸಿಕೊಂಡು, ಕೆನ್ನೆ ಊದಿಸಿಕೊಂಡು ಬಂದರು. ಕಣ್ಣಲ್ಲಿ ನೀರು.

"ಹೆಂಗಿತ್ತು ಸಾ?" ಅಂದ ಸಣ್ಣೀರ. ಮೇಷ್ಟ್ರು ದುರುಗುಟ್ಟಿಕೊಂಡು ನೋಡಿದರು.

"ಮಜಾ ಬಂತಾ ಸಾ?" ಮೇಷ್ಟ್ರು ಛತ್ರಿ ಎತ್ತಿದರು.

"ಇನ್ನೊಂದ್ಸಲ ಬತ್ತೀರಾ ಸಾ?" ಛತ್ರಿ ಮುರಿಯಿತು.

ಮೇಷ್ಟ್ರು ನೆಟ್ಟಗೆ ಬಿಸಿಯೂಟದ ಕೋಣೆಗೇ ಬಂದರು. ಮಾತಾಡಲು ಆಗದು. ಗೋಡೆಯ ಕಪ್ಪು ಹಲಗೆಯಲ್ಲಿ 'ಅನ್ನ, ಸಾಂಬಾರು' ಅಂತ ಇದ್ದದ್ದನ್ನು ಅಳಿಸಿ 'ನಿನ್ನ ಮಗ' ಅಂತ ಬರೆದರು, ಚಾಕ್‌ಪೀಸು ಬಿಸಾಕಿದರು. ದುಂಡಮ್ಮ ಸೌಟು ಕೆಳಗಿಟ್ಟಳು. ಕಾಲು ಹಿಡಿದಳು, ಕೈ ಮುಗಿದಳು, ಕೊನೆಗೆ ಅವರು ಅದೇ ಚಾಕ್‌ಪೀಸು ಎತ್ತಿಕೊಂಡು 'ಶನಿವಾರ' ಅಂತ ಬರೆದು ಹೋದರು.

"ಕೆನ್ನೆ ಊದಿಸ್ಕಂಡು, ಬಾಯ್ ಬಿಡಕ್ಕಾಗ್ದೆ ಇರೋರ್ನ ಮಾತಾಡಿಸ್ತಾರೇನ್ಲಾ?" ಅಂತ ದುಂಡಮ್ಮ ಮಗನನ್ನು ತರಾಟೆಗೆ ತಗೊಂಡಳು. "ಪಾಪ ಅಂತ ಕೈ ಹಿಡ್ಕಂಡು ಮನೆಗ್ ಕರ್ಕೊಂಡೋಗ್ಬೇಕು. ಮಲಗಿಸಿ ಕಂಬ್ಳಿ ಹೊದಿಸ್ಬೇಕು."

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮುಂದಿನದು ಗಾಡಿ. ಟೆಂಪೋ ಓಡಿಸುವ ಚಲುವಣ್ಣನ್ನ ಶನಿವಾರಕ್ಕೆ ಗೊತ್ತುಮಾಡಿಕೊಂಡು ಬಾ ಅಂತ ಕಳಿಸಿದಳು. ಚಲುವಣ್ಣ ಊರ ಮುಂದೆ ಗಾಡಿ ನಿಲ್ಲಿಸಿಕೊಂಡು ಕೂತಿದ್ದ. ಗಾಡಿ ತುಂಬ ಮದುವೆ ದಿಬ್ಬಣ, ಮುಂದಿನ ಸೀಟಲ್ಲಿ ಬಾಸಿಂಗ ಕಟ್ಟಿಕೊಂಡ ಗಂಡು. ಚಲುವಣ್ಣನ ಬಲಗೆನ್ನೆಯಲ್ಲಿ ಒಂದು ಹಿಡಿ ಎಲೆಯಡಿಕೆ. ಕೆನ್ನೆ ಊದಿತ್ತು, ಬಾಯಿ ಬಿಡುವ ಹಾಗಿರಲಿಲ್ಲ.

"ಪಾಪ" ಅಂದ ಸಣ್ಣೀರ. ಕೈ ಹಿಡಿದ, ಗಾಡಿಯಿಂದ ಇಳಿಸಿದ. ಚಲುವಣ್ಣ "ಊಂ ಊಂ" ಅಂತಾನೆ, ಇವನು "ಮಾತಾಡ್ಬ್ಯಾಡಿ ಅಣ್ಣ" ಅಂತಾನೆ. ದರದರ ಎಳಕೊಂಡು ಹೋಗಿ, ಅವನ ಮನೆಯಲ್ಲೇ ಮಲಗಿಸಿ, ಕಂಬಳಿ ಹೊದಿಸಿ, ಅಪ್ಪಿತಪ್ಪಿ ಎದ್ದಾನು ಅಂತ ಮೇಲೆ ಕೂತುಕೊಂಡ. ಇತ್ತ ಮುಹೂರ್ತ ಮೀರುತ್ತಾ ಬಂತು, ಗಂಡಿನ ಅಪ್ಪ ಎದೆ ಹಿಡಿದುಕೊಂಡ, ಹೆಂಗಸರು ಗೊಳೋ ಅಂತ ಅತ್ತರು. ನಾಲ್ಕು ಆಳು ಬಂದು ಸಣ್ಣೀರನನ್ನು ಎತ್ತಬೇಕಾಯಿತು. ಹೊದ್ದ ಕಂಬಳಿಯೆಲ್ಲ ಕೆಂಪು ಕೆಂಪು. ಚಲುವಣ್ಣನ ಹೆಂಡತಿ ರಕ್ತ ಅಂದುಕೊಂಡು ಅಲ್ಲೇ ಕುಸಿದಳು.

ಸುದ್ದಿ ಕೇಳಿದ್ದೇ ದುಂಡಮ್ಮ ಎದ್ದು ಓಡಿದಳು. ಚಲುವಣ್ಣನ ಮನೆಗೆ ಮೂರು ದಿನ ಅಲೆದು ಅವನನ್ನು ಒಪ್ಪಿಸಿದಳು. ಆಮೇಲೆ ಮಗನನ್ನು ಒಲೆ ಮುಂದೆ ಕೂರಿಸಿಕೊಂಡಳು.

"ನೋಡ್ಲಾ, ಯಾವ್ದೇ ಆಗ್ಲಿ, ಮೊದ್ಲು ಪರೀಕ್ಷೆ ಮಾಡ್ಬೇಕು. ನಾವ್ ಬೇಯ್ಸಿದ್ದನ್ನ ಹಂಗೇ ಮಕ್ಕಳಿಗ್ ಬಡಿಸ್ತೀವಾ? ಇಲ್ಲ. ಮೇಷ್ಟ್ರು ಬಂದು ಮೊದ್ಲು ರುಚಿ ನೋಡ್ತಾರೆ. ಸರಿಯಾಗದೆ ಅಂದ್ಮೇಲೇ ಮಕ್ಕಳಿಗೆ. ರುಚಿ ನೋಡೋರು ಹೊಟ್ಟೆ ತುಂಬ ಉಣ್ಣಲ್ಲ, ನಾಲಿಗೆಗೆ ಅಷ್ಟು, ಸಾಕು. ಇನ್ಮೇಲೆ ನಿನ್ ಕೈಗೇನೇ ಬರ್ಲಿ, ಮೊದ್ಲು ನೀನ್ ರುಚಿ ನೋಡು, ಆಮೇಲೆ ಇನ್ನೊಬ್ರಿಗ್ ಕೊಡು. ತಿಳೀತಾ?"

"ತಿಳೀತು ಕಣವ್ವ."

ಇನ್ನು ಉಳಿದದ್ದು ಟಿಕೆಟ್ಟು. ಮೊದಲೇ ಒಟ್ಟಿಗೆ ತಗೊಂಡರೆ ಅಗ್ಗ, ತಿಂಗಳೊಳಗೆ ಯಾವತ್ತು ಬೇಕಾದರೂ ಹೋಗಬಹುದು. ವರ್ಷವಿಡೀ ಕೂಡಿಟ್ಟದ್ದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಸಣ್ಣೀರನ ಜೇಬಿಗೆ ಹಾಕಿ, ಪಿನ್ನು ಚುಚ್ಚಿ ಕಳಿಸಿದಳು. ಅವನು ಬರುವ ತನಕ ಬಾಗಿಲಲ್ಲೇ ನಿಂತಿದ್ದಳು.

ಬಂದ. ಏಳು ಟಿಕೆಟ್ಟನ್ನೂ ಅವಳ ಕೈಗೆ ಕೊಟ್ಟ. ಒಂದೂ ಕಳೆದಿರಲಿಲ್ಲ. ಒಂದೊಂದರಲ್ಲೂ ದುಂಡಗೆ ಒಂದು ತೂತು. ಕಂಡಕ್ಟರು ಟಿಕೆಟ್ಟಿಗೆ ತೂತು ಹೊಡೆಯುವುದನ್ನು ಅವಳು ನೋಡಿರಲಿಲ್ಲವೇ, ಸರಿಯಾಗೇ ಇವೆ ಅಂದುಕೊಂಡಳು.

"ಎಲ್ಲ ಪರೀಕ್ಷೆ ಮಾಡೇ ತಂದಿವ್ನಿ ಕಣವ್ವ" ಅಂದ ಸಣ್ಣೀರ.

ದುಂಡಮ್ಮನ ಕಣ್ಣು ತುಂಬಿತು. ಕೊನೆಗೂ ಮಗ ಒಂದು ಕೆಲಸ ನೆಟ್ಟಗೆ ಮಾಡಿದ ಅಂತ ಆವತ್ತು ಅವನಿಗೆ ಪಾಯಸ ಮಾಡಿ ಹಾಕಿದಳು.

ಶನಿವಾರ ಬಂತು. ಸೀರೆ ಉಟ್ಟು ನೀರಿಗೆ ಇಳಿಯೋ ಹಾಗಿಲ್ಲ ಅಂತ ಯಾರೋ ಹೇಳಿದ್ದರಿಂದ ಏಳೂ ಜನ ಜನ್ಮದಲ್ಲಿ ಮೊದಲ ಸಲ ಚೂಡಿದಾರ ಹಾಕಿದ್ದರು. ಒಬ್ಬರನ್ನೊಬ್ಬರು ನೋಡಿ ನಗುತ್ತಾ, ನಾಚಿಕೊಳ್ಳುತ್ತಾ ನೀಲಿ ಗೋಡೆಯ ಮುಂದೆ ಇಳಿದರು. ಒಳಗಿಂದ ನೀರಿನ ಸದ್ದು, ಕೂಗು, ಕೇಕೆ. ಎತ್ತರದ ಜಾರುಬಂಡೆಯ ತುದಿ ಹೊರಗಿಂದಲೇ ಕಾಣುತ್ತಿತ್ತು.

ದುಂಡಮ್ಮ ಮುಂದೆ ಹೋಗಿ ಟಿಕೆಟ್ಟು ಕೊಟ್ಟಳು. ಗೇಟಿನವನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ.

"ಇವೆಲ್ಲ ಆಗೋಗಿರೋ ಟಿಕೆಟ್ಟಮ್ಮ. ಒಳಗೆ ಬಿಟ್ಟಾಗ್ಲೇ ನಾವ್ ತೂತು ಹೊಡೆಯೋದು."

"ಯಾರ್ನಪ್ಪ ಬಿಟ್ರಿ? ನಾವ್ ಈಗ್ ಬತ್ತಾ ಇದ್ದೀವಿ."

ಗೇಟಿನವನ ಕಣ್ಣು ಅವರ ಜೊತೆಗೆ ಬಂದು ಹಿಂದೆ ನಿಂತಿದ್ದ ಸಣ್ಣೀರನ ಮೇಲೆ ಬಿತ್ತು. "ಇವ್ರೇ. ಆವತ್ತು ಏಳ್ ಸಲ ಒಳಗ್ ಬಂದ್ರು, ಏಳ್ ಸಲ ಹೊರಗ್ ಹೋದ್ರು. ನಾವೂ ಏನೋ ಹರಕೆ ಇರ್ಬೇಕು ಅಂದ್ಕೊಂಡ್ವಿ."

ಸಣ್ಣೀರನ ಮುಖ ಅರಳಿತು. "ಒಂದೊಂದೇ ರುಚಿ ನೋಡ್ದೆ ಕಣವ್ವ. ಏಳೂ ಚೆಂದಾಗವೆ. ಒಂದೂ ಕೆಟ್ಟಿಲ್ಲ."

ದುಂಡಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ಹೊಸ ಚೂಡಿದಾರದಲ್ಲೇ ಗೇಟಿನ ಕಟ್ಟೆಯ ಮೇಲೆ ಕೂತಳು. ಒಳಗೆ ಯಾರೋ ಜರ್ರನೆ ಜಾರಿ ನೀರಿಗೆ ಬಿದ್ದು ನಕ್ಕರು. ಅವಳು ಮಗನ ಕಡೆ ತಿರುಗಿದಳು.

"ಹೋಗ್ಲಿ ಬಿಡು ಮಗ. ಏಳ್ ಸಲ ಒಳಕ್ ಹೋಗಿದ್ಯಲ್ಲ, ನೀನಾದ್ರೂ ಒಂದ್ಸಲ ಜಾರುದ್ಯಾ?"

"ಛೆ, ನಾನ್ಯಾಕ್ ಜಾರ್ಲಿ?" ಅಂದ ಸಣ್ಣೀರ. "ರುಚಿ ನೋಡೋರು ಹೊಟ್ಟೆ ತುಂಬ ಉಣ್ಣಲ್ಲ ಅಂತ ನೀನೇ ಅಂದಿದ್ದಲ್ಲ. ನಾನು ಕಾಲೂ ನೆನೆಸ್ಲಿಲ್ಲ ಕಣವ್ವ."