ಸಾಲಿನಲ್ಲಿ ಮೊದಲು ನಿಂತವನು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಕೆಲವು ಸಣ್ಣ ದೇಶಗಳಲ್ಲಿ ಹಿಂದೆ ಅಂಗಡಿ, ಕಾರ್ಖಾನೆ ಎಲ್ಲವೂ ಸರ್ಕಾರದ್ದೇ ಆಗಿತ್ತಂತೆ. ಈಗ ಯಾರು ಬೇಕಾದರೂ ವ್ಯಾಪಾರ ಮಾಡಬಹುದು. ಆದರೂ ಅಲ್ಲಿ ಹೊಸ ಅಂಗಡಿ ನೆಲೆ ನಿಲ್ಲುವುದು ಕಷ್ಟವಂತೆ. ಯಾಕೆ?"

ಗುರುಗಳು ಹೇಳತೊಡಗಿದರು.

ಅಂಥದೊಂದು ದೇಶಕ್ಕೆ ನಾನು ಹೋಗಿದ್ದೆ. ಇವರು ಎಲ್ಲಿಗೂ ಹೋಗಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡ.

ಅಲ್ಲಿ ಒಬ್ಬ ಹೆಂಗಸು ಸರ್ಕಾರಿ ಬೇಕರಿಯಲ್ಲಿ ಬ್ರೆಡ್ ಮಾಡುತ್ತಿದ್ದಳು. ಸರ್ಕಾರ ಬೇಕರಿ ಮುಚ್ಚಿತು. ಇನ್ನು ನಿಮ್ಮ ನಿಮ್ಮ ಅಂಗಡಿ ನೀವೇ ಇಟ್ಟುಕೊಳ್ಳಿ ಅಂದಿತು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಒಲೆ ಕಟ್ಟಿಸಿ ಅಂಗಡಿ ತೆರೆದಳು. ಒಳ್ಳೆಯ ಬ್ರೆಡ್. ಒಬ್ಬರೂ ಬರಲಿಲ್ಲ.

ಆ ಊರಿನ ಅಭ್ಯಾಸ ಹಾಗಿತ್ತು. ಸರ್ಕಾರಿ ಅಂಗಡಿಗಳ ಕಾಲದಲ್ಲಿ ಸಾಮಾನು ಬಂದರೆ ಬಾಗಿಲಲ್ಲಿ ಸಾಲು ಇರುತ್ತಿತ್ತು. ಸಾಲಿಲ್ಲ ಅಂದರೆ ಸಾಮಾನಿಲ್ಲ. ಸಾಲು ಕಂಡವರು ಮೊದಲು ಹೋಗಿ ನಿಲ್ಲುತ್ತಿದ್ದರು, ಏನು ಕೊಡುತ್ತಾರೆ ಅಂತ ಆಮೇಲೆ ಕೇಳುತ್ತಿದ್ದರು. ಈಗ ಇವಳ ಬಾಗಿಲಲ್ಲಿ ಸಾಲಿಲ್ಲ. ಜನ ದೂರದಿಂದಲೇ ನೋಡಿ, ಬ್ರೆಡ್ ಇಲ್ಲ ಅಂದುಕೊಂಡು ಹೋದರು. ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಹೋದರು.

ಉಳಿದ ಬ್ರೆಡ್ಡನ್ನೆಲ್ಲ ಗಂಡನೇ ತಿಂದ. ಸ್ವಲ್ಪ ದಪ್ಪಗೂ ಆದ. ಒಂದು ಸಂಜೆ ಹೆಂಡತಿ, ಈ ವಾರವೂ ಹೀಗೇ ಆದರೆ ಅಂಗಡಿ ಮುಚ್ಚಿ, ತಂಗಿಯ ಹಾಗೆ ತಾನೂ ಗಡಿಯಾಚೆ ಪಾತ್ರೆ ತೊಳೆಯಲು ಹೋಗುತ್ತೇನೆ ಅಂದಳು. ಗಂಡ ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟ.

ಮರುದಿನ ಅವನು ಖಾಲಿ ಚೀಲ ಹಿಡಿದು ತನ್ನದೇ ಅಂಗಡಿಯ ಬಾಗಿಲೆದುರು ನಿಂತ. ದಾರಿಹೋಕನೊಬ್ಬ ಬಂದು ಅವನ ಹಿಂದೆ ನಿಂತು ಕೇಳಿದ: "ಏನು ಕೊಡ್ತಾರಣ್ಣ?"

"ಗೊತ್ತಿಲ್ಲಪ್ಪ. ಮುಗಿದುಹೋದೀತು ಅಂತ ನಿಂತಿದ್ದೇನೆ."

ಮಧ್ಯಾಹ್ನದ ಹೊತ್ತಿಗೆ ಸಾಲು ಬೀದಿಯ ತಿರುವು ದಾಟಿತ್ತು. ಹೆಂಡತಿ ಒಳಗಿನಿಂದ ಬನ್ನಿ ಬನ್ನಿ ಅಂತ ಕರೆದಳು. ಯಾರೂ ಅಲುಗಲಿಲ್ಲ, ಮುಂದಿನವನು ಅಲುಗಬೇಕಲ್ಲ. ಇವನೋ, ತಾನು ಒಳಗೆ ಹೋದರೆ ಸಾಲು ಕರಗೀತೆಂದು ಕಂಬದ ಹಾಗೆ ನಿಂತಿದ್ದ. ಕೊನೆಗೆ ಅವಳು ಹೊರಗೆ ಬಂದು, ಎಲ್ಲರೆದುರು ಗದರಿ, ತೋಳು ಹಿಡಿದು ಒಳಗೆಳೆದಳು. ಸರ್ಕಾರಿ ಅಂಗಡಿಯವರ ಹಾಗೆ ಗಿರಾಕಿಯನ್ನು ಗದರುವ ಅಂಗಡಿ ಅಂದಮೇಲೆ ಜನಕ್ಕೆ ನಂಬಿಕೆ ಇನ್ನೂ ಹೆಚ್ಚಿತು. ಸಂಜೆಗೆ ಒಂದು ಚೂರೂ ಉಳಿಯಲಿಲ್ಲ.

ತಿಂದವರು ಮರುದಿನವೂ ಬಂದರು. ಗಂಡನೂ ಬಂದ. ಗಡಿಯಾಚೆಯ ಮಾತು ನಿಂತುಹೋಯಿತು. ಕೆಲವು ತಿಂಗಳ ಮೇಲೆ ಹೆಂಡತಿ, ಈಗ ಜನ ರುಚಿಗೇ ಬರುತ್ತಾರೆ, ನೀವು ನಿಂತದ್ದು ಸಾಕು, ಬಂದು ಹಿಟ್ಟು ನಾದಿ ಅಂದಳು. ಗಂಡ ಕದಲಲಿಲ್ಲ.

"ಒಳಗೆ ಬಂದರೆ ಕೆಲಸ ಹೇಳ್ತೀಯ. ಇಲ್ಲಿ ನಿಂತರೆ ನನ್ನನ್ನು ನೋಡಿ ನಗ್ತೀಯ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಕ್ಕ. ಪಾಪದ ಜನ, ತಾನಾಗಿದ್ದರೆ ಸಾಲನ್ನು ನೋಡದೆ ನೇರ ಬ್ರೆಡ್ಡನ್ನೇ ನೋಡುತ್ತಿದ್ದೆ ಅಂದ.

ಗುರುಗಳು ಹೇಳಿದರು: "ನೀನು ಮೊದಲ ಸಲ ಈ ಆಶ್ರಮಕ್ಕೆ ಬಂದ ದಿನ ಬಾಗಿಲಲ್ಲಿ ಸಾಲಿತ್ತಲ್ಲ, ಅದರ ಮುಂದೆ ನಿಂತಿದ್ದವನು ನನ್ನ ತಮ್ಮ."